ಕೈರೋದ ಸಕ್ಕರೆ ಗೊಂಬೆ, ನಮ್ಮೂರಿನ ಸಕ್ಕರೆ ಅಚ್ಚು

ಈಜಿಪ್ಟಿನಲ್ಲಿ ಓದಿ ಊರಿಗೆ ಮರಳಿದ ಯುವಕನೊಬ್ಬ ತನ್ನ ಮೊಬೈಲಿನಲ್ಲಿದ್ದ ಚಿತ್ರಗಳನ್ನು ನಮಗೆ ತೋರಿಸಿದ. ರಬೀವುಲ್ ಅವ್ವಲ್ ತಿಂಗಳ ಕೈರೋ. ಬೀದಿಯುದ್ದಕ್ಕೂ ಮಿಠಾಯಿ ಅಂಗಡಿಗಳು. ಎಳ್ಳಿನ ಸಿಮ್‌ಸಿಮಿಯ್ಯಾ, ಕಡಲೆಯ ಹುಮ್ಮುಸಿಯ್ಯಾ. ಬಣ್ಣದ ಕಾಗದದ ಲಂಗ ತೊಟ್ಟ ಸಕ್ಕರೆ ಗೊಂಬೆ, ಪಕ್ಕದಲ್ಲಿ ಕುದುರೆ ಏರಿದ ಸಕ್ಕರೆಯ ಸವಾರ. ಇನ್ನೊಂದು ಚಿತ್ರದಲ್ಲಿ ಆತ ನೈಲ್ ನದಿಯ ದಂಡೆಯಲ್ಲಿ ಈಜಿಪ್ಟಿನ ಗೆಳೆಯರೊಂದಿಗೆ ಕುಳಿತಿದ್ದ. ಮುಂದೆ ಬಣ್ಣ ಹಚ್ಚಿದ ಮೊಟ್ಟೆ, ಈರುಳ್ಳಿ ಸೊಪ್ಪು, ಉಪ್ಪು ಹಾಕಿದ ಮೀನು. ಅದು ಶಂ ಅಲ್ ನಸೀಮ್, ಈಜಿಪ್ಟಿನವರ ವಸಂತದ ಹಬ್ಬ. ನಮಗೆ ನಿಜಕ್ಕೂ ಸಂತೋಷವಾಯಿತು. ಪರದೇಶಕ್ಕೆ ಓದಲು ಹೋದವನು ಪುಸ್ತಕವನ್ನಷ್ಟೇ ಅಲ್ಲ, ಅಲ್ಲಿನ ಜನರನ್ನೂ ಓದಬೇಕು.

ಆದರೆ ಅದೇ ವರ್ಷ ಸಂಕ್ರಾಂತಿಗೆ ಪಕ್ಕದ ಮನೆಯ ಅಜ್ಜಿ ಎಂದಿನಂತೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಕಳಿಸಿದಾಗ ಆತ ತಟ್ಟೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ. ಆತನ ತಾಯಿ ನಮ್ಮಲ್ಲಿ ಹೇಳಿಕೊಂಡದ್ದು ಒಂದೇ ಮಾತು: "ಮೂವತ್ತು ವರ್ಷದಿಂದ ಬರುತ್ತಿದ್ದ ತಟ್ಟೆ ಭಾಯಿ. ಇನ್ನು ಈದಿಗೆ ಅವರ ಮನೆಗೆ ಶೀರ್ ಖುರ್ಮಾ ಯಾವ ಮುಖ ಇಟ್ಟುಕೊಂಡು ಕಳಿಸಲಿ?"

ನಾವು ಕೇಳುತ್ತೇವೆ: ಕೈರೋದಲ್ಲಿ ಸಂಸ್ಕೃತಿಯಾದ ಎಳ್ಳು ಮತ್ತು ಸಕ್ಕರೆ, ನಮ್ಮೂರಿಗೆ ಬಂದಾಗ ಶಿರ್ಕ್ ಆಗುವುದು ಹೇಗೆ?

ಶಂ ಅಲ್ ನಸೀಮ್ ಯಾವ ದಿನ ಬರುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಕಾಪ್ಟಿಕ್ ಕ್ರೈಸ್ತರ ಈಸ್ಟರ್‌ನ ಮರುದಿನ, ಸೋಮವಾರ. ಅದರ ಬೇರುಗಳು ಫರೋಹರ ಕಾಲದವೆಂದು ಈಜಿಪ್ಟಿನವರೇ ಅಭಿಮಾನದಿಂದ ಹೇಳುತ್ತಾರೆ. ಫರೋಹನೆಂದರೆ ಕುರ್‌ಆನಿನಲ್ಲಿ ಅಹಂಕಾರದ ಇನ್ನೊಂದು ಹೆಸರು. ಆದರೂ ಆ ದಿನ ಮುಸ್ಲಿಮರೂ ಕ್ರೈಸ್ತರೂ ಒಟ್ಟಾಗಿ ಉದ್ಯಾನವನಗಳನ್ನು ತುಂಬುತ್ತಾರೆ; ಸರಕಾರ ರಜೆ ಕೊಡುತ್ತದೆ. ಈಜಿಪ್ಟಿನ ದಾರುಲ್ ಇಫ್ತಾ ಇದರಲ್ಲಿ ತಪ್ಪಿಲ್ಲ ಎಂದಿದೆ. ಸಾವಿರ ವರ್ಷಗಳ ಹಿಂದೆ ಅಲ್ ಅಝ್‌ಹರ್ ಎದ್ದು ನಿಂತ ನಗರದಲ್ಲಿ ಯಾರ ಈಮಾನೂ ಮೊಟ್ಟೆಯ ಬಣ್ಣಕ್ಕೆ ಕರಗಿ ಹೋಗಿಲ್ಲ.

ಇದಕ್ಕೆ ವಿರುದ್ಧವಾದ ವಾದವಿಲ್ಲವೆಂದಲ್ಲ. ಮದೀನಾದ ಜನರ ಎರಡು ಹಳೆಯ ಹಬ್ಬಗಳ ಬದಲಿಗೆ ಎರಡು ಈದ್‌ಗಳನ್ನು ಕೊಟ್ಟ ಹದೀಸ್ ಇದೆ. 1328ರಲ್ಲಿ ತೀರಿಕೊಂಡ ಇಬ್ನು ತೈಮಿಯ್ಯಾ ಅನ್ಯರ ಹಬ್ಬಗಳನ್ನು ಅನುಕರಿಸುವುದರ ವಿರುದ್ಧ ಒಂದು ಗ್ರಂಥವನ್ನೇ ಬರೆದರು. ಅದನ್ನು ಪ್ರಾಮಾಣಿಕವಾಗಿ ನಂಬಿ, ಕೈರೋದಲ್ಲೂ ದೂರ ನಿಂತು ಇಲ್ಲಿಯೂ ದೂರ ನಿಲ್ಲುವವರನ್ನು ನಾವು ಗೌರವಿಸುತ್ತೇವೆ. ನಮ್ಮ ಜಗಳ ಅವರೊಂದಿಗಲ್ಲ. ಅರಬರು ಮಾಡಿದರೆ ಅದು ದೀನಿಗೆ ಹತ್ತಿರ, ಕನ್ನಡದ ನೆರೆಯವರು ಮಾಡಿದರೆ ಕುಫ್ರ್ ಎಂದು ಎರಡು ತಕ್ಕಡಿ ಹಿಡಿದವರೊಂದಿಗೆ.

ಅರಬ್ ದೇಶಗಳೆಲ್ಲ ಒಂದೇ ರೀತಿ ಇವೆ ಎಂಬುದೂ ಭ್ರಮೆ. ಸೌದಿಯ ದೊಡ್ಡ ವಿದ್ವಾಂಸರು ಮೀಲಾದನ್ನು ಬಿದ್‌ಅತ್ ಎಂದರು. ಈಜಿಪ್ಟಿನಲ್ಲಿ ಅದು ಸಾರ್ವಜನಿಕ ರಜೆ. ಅದೇ ಸೌದಿಯಲ್ಲಿ ರಾಷ್ಟ್ರೀಯ ದಿನಾಚರಣೆಗೂ ವಿದ್ವಾಂಸರ ವಿರೋಧವಿತ್ತು. 2005ರಲ್ಲಿ ಅದು ರಜಾದಿನವಾಯಿತು. 2022ರಿಂದ ಫೆಬ್ರವರಿ 22ರ ಸಂಸ್ಥಾಪನಾ ದಿನವೂ ಸೇರಿಕೊಂಡಿತು. ಅವರು ತಮ್ಮ ನೆಲಕ್ಕೆ ತಕ್ಕಂತೆ ಬದಲಾಗಬಹುದಾದರೆ, ನಮ್ಮ ನೆಲದ ಪ್ರಶ್ನೆ ಬಂದಾಗ ಮಾತ್ರ ನಾವೇಕೆ ಕಲ್ಲಾಗಬೇಕು?

ಒಂದು ಈದಿನ ದಿನ ಅಬಿಸೀನಿಯಾದವರು ಪ್ರವಾದಿಯವರ(ಸ) ಮಸೀದಿಯಲ್ಲಿಯೇ ಈಟಿ ಹಿಡಿದು ತಮ್ಮ ನಾಡಿನ ಆಟ ಆಡಿದರು. ತಡೆಯಲು ಹೋದ ಹಝ್ರತ್ ಉಮರ್‌ರನ್ನು(ರ) ಪ್ರವಾದಿಯವರು ತಡೆದರು. ಹಝ್ರತ್ ಆಯಿಶಾ(ರ) ದಣಿಯುವ ತನಕ ಆ ಆಟ ನೋಡಲು ಅವರಿಗೆ ಆಸರೆಯಾಗಿ ನಿಂತರು. ಆ ಆಟ ಅರಬರದ್ದಾಗಿರಲಿಲ್ಲ. ಆದರೂ ಅದಕ್ಕೆ ಮಸೀದಿಯಲ್ಲಿ ಜಾಗವಿತ್ತು. ಉತ್ತರ ಕರ್ನಾಟಕದ ಅಲಾಯಿ ಹಬ್ಬದ ಹೆಜ್ಜೆ ಕುಣಿತವನ್ನೂ ರಿವಾಯತ್ ಪದಗಳನ್ನೂ ಅಜ್ಞಾನವೆಂದು ಒಂದೇ ಮಾತಿನಲ್ಲಿ ತಳ್ಳಿ ಹಾಕುವವರು ಈ ಹದೀಸನ್ನು ಇನ್ನೊಮ್ಮೆ ಓದಲಿ.

ಆರಾಧನೆ ಬೇರೆ, ಸಂತೋಷದಲ್ಲಿ ಪಾಲ್ಗೊಳ್ಳುವುದು ಬೇರೆ. ಮೊದಲನೆಯದರಲ್ಲಿ ರಾಜಿ ಮಾಡಿಕೊಳ್ಳಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹಿಂದೂ ಬಂಧುಗಳಿಗೂ ಒಂದು ಮಾತು. ಹಬ್ಬಕ್ಕೆ ಬಂದವನು ದೇಶಪ್ರೇಮಿ, ಬಾರದವನು ದ್ರೋಹಿ ಎಂಬ ಪರೀಕ್ಷೆಯನ್ನು ಇಡಬೇಡಿ. ಪರೀಕ್ಷೆಗೆ ಹೆದರಿ ಬರುವವನು ಅತಿಥಿಯಲ್ಲ. 2022ರಲ್ಲಿ ನಮ್ಮ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಬಳೆ, ಆಟಿಕೆ, ಮಿಠಾಯಿ ಮಾರಿ ಬದುಕುವ ಬಡವರು ಗಂಟು ಕಟ್ಟಿಕೊಂಡು ಮನೆಗೆ ಮರಳಬೇಕಾಯಿತು. ಅವರನ್ನು ಹೊರಗೆ ಹಾಕಿದವರು ಬಯಸುವುದಾದರೂ ಏನು? ಎರಡು ಮನೆಗಳ ನಡುವೆ ತಟ್ಟೆ ಓಡಾಡಬಾರದು ಎಂಬುದನ್ನೇ. ಅವರು ಆ ಬದಿಯಿಂದ ಬಾಗಿಲು ಮುಚ್ಚುತ್ತಿರುವಾಗ, ವಿದೇಶದಲ್ಲಿ ಓದಿ ಬಂದ ನಮ್ಮ ಮಕ್ಕಳು ಈ ಬದಿಯಿಂದ ಅಗುಳಿ ಹಾಕುತ್ತಿದ್ದಾರೆ. ಇದಕ್ಕಿಂತ ದೊಡ್ಡ ಸಹಾಯವನ್ನು ಅವರಿಗೆ ಯಾರು ತಾನೆ ಮಾಡಬಲ್ಲರು?

ಅರಬ್ ನಾಡಿಗೆ ಓದಲು ಹೊರಟ ಮಕ್ಕಳೇ, ಹೋಗಿ ಬನ್ನಿ. ಅಲ್ಲಿನ ಹಬ್ಬಗಳಲ್ಲಿ ನಿಮ್ಮ ಮನಸ್ಸಾಕ್ಷಿ ಒಪ್ಪುವಷ್ಟು ಬೆರೆಯಿರಿ. ಅಪರಿಚಿತರು ನಿಮ್ಮನ್ನು ಹೇಗೆ ಕರೆದು ಕೂರಿಸಿ ಉಣಬಡಿಸಿದರೆಂಬುದನ್ನು ನೆನಪಿಡಿ. ಮರಳಿ ಬಂದಾಗ ಪಕ್ಕದ ಮನೆಯ ಅಜ್ಜಿಯ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಮತ್ತೆ ಅದನ್ನು ಖಾಲಿ ಕಳಿಸಬೇಡಿ. ನಮ್ಮ ತಾಯಂದಿರು ಯಾವತ್ತೂ ಖಾಲಿ ಕಳಿಸಿದವರಲ್ಲ.