ಉಪಚಾರವೂ ಊಳಿಗವೂ

ಹೋಟೆಲಿಗೆ ಹೋಗುವ ಮನುಷ್ಯ ತನ್ನ ಹಸಿವನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ. ಅದರ ಜೊತೆಯಲ್ಲಿ ಅಭಿಮಾನವನ್ನೂ ಕರೆದೊಯ್ಯುತ್ತಾನೆ. ಹಸಿವು ಸಾಧುಪ್ರಾಣಿ, ತಟ್ಟೆ ಬಂದೊಡನೆ ಸುಮ್ಮನಾಗುತ್ತದೆ. ಅಭಿಮಾನದ ರೀತಿ ಹಾಗಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅದು ಸಹಿಸೀತು. ತಾನು ಬಂದು ಕುಳಿತದ್ದನ್ನು ಯಾರೂ ಗಮನಿಸಲಿಲ್ಲವೆಂದರೆ ಸಹಿಸದು. ಊಟ ಕೆಟ್ಟಿತ್ತೆಂದು ದೂರುವವರಿಗಿಂತ ಉಪಚಾರ ಕೆಟ್ಟಿತ್ತೆಂದು ದೂರುವವರ ಧ್ವನಿಯೇ ಹೆಚ್ಚು ಜೋರು. ಈ ದೂರಿನಲ್ಲಿ ನ್ಯಾಯವೆಷ್ಟು, ದರ್ಪವೆಷ್ಟು ಎಂಬುದನ್ನು ವಿಚಾರಿಸಲು ನಾನು ಇಲ್ಲಿ ಎತ್ತಿಕೊಂಡಿರುವ ಉದಾಹರಣೆ ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಬೋಡಿಯಾದ ಸಂಸಾರಗಳು ನಡೆಸುವ ಶಾವಿಗೆಯ ಹೋಟೆಲು.

ಆ ರಾಜ್ಯದ ಲಾಂಗ್ ಬೀಚ್ ನಗರದಲ್ಲಿ ಕಾಂಬೋಡಿಯಾದವರ ದೊಡ್ಡ ನೆಲೆಯೊಂದಿದೆ. ಅವರ ಅಂಗಡಿಗಳು ಸಾಲುಗೂಡಿರುವ ಭಾಗಕ್ಕೆ 2007ರಲ್ಲಿ ಅಲ್ಲಿಯ ನಗರಸಭೆ ‘ಕಾಂಬೋಡಿಯಾ ಟೌನ್’ ಎಂಬ ಹೆಸರನ್ನು ಅಧಿಕೃತವಾಗಿ ಕೊಟ್ಟಿತು. ಅಲ್ಲಿಯ ಹೋಟೆಲುಗಳ ಮುಖ್ಯ ತಿನಿಸು ‘ಕುಯ್ ತೀವ್’. ಮಾಂಸದ ಎಲುಬುಗಳನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ತಿಳಿಸಾರು, ಅದರಲ್ಲಿ ಅಕ್ಕಿಯ ಶಾವಿಗೆ, ಮೇಲೆ ಹುರಿದ ಬೆಳ್ಳುಳ್ಳಿ, ಮೊಳಕೆಕಾಳು, ನಿಂಬೆಯ ಹೋಳು. ನಾಂಪೆನ್ ನಗರದಲ್ಲಿ ಇದು ಬೆಳಗಿನ ತಿಂಡಿ. ತಿನಿಸಿನ ಹೆಸರು ಚೀನದ ತೆವ್‌ಚ್ಯೂ ಜನರಿಂದ ಬಂದದ್ದು. ಆದರೆ ಅದನ್ನು ಬಡಿಸುವ ಸ್ಥಳಕ್ಕೆ ಖ್ಮೇರ್ ಭಾಷೆಯಲ್ಲಿರುವ ಗೌರವದ ಹೆಸರನ್ನು ಕೇಳಿದರೆ ಕನ್ನಡಿಗನ ಕಿವಿ ನಿಮಿರುತ್ತದೆ. ಉಚ್ಚಾರಣೆ ಸವೆದಿದ್ದರೂ ಶಬ್ದ ಸ್ಪಷ್ಟವಾಗಿ ‘ಭೋಜನೀಯಸ್ಥಾನ’ವೇ. ಇಬ್ಬರು ಎದುರಾದಾಗ ಅವರಲ್ಲಿ ಆಡುವ ಕುಶಲದ ಮಾತೂ ನಮ್ಮದೇ: ‘ಊಟವಾಯಿತೇ?’ ಅಪರಿಚಿತರನ್ನು ಕರೆಯುವುದೂ ನಮ್ಮಂತೆಯೇ ನಂಟಿನ ಹೆಸರುಗಳಿಂದ. ಹಿರಿಯರಾದರೆ ‘ಬಾಂಗ್’ ಎಂದರೆ ಅಣ್ಣ ಅಥವಾ ಅಕ್ಕ, ಅವರಿಗಿಂತ ಹಿರಿಯಳಾದರೆ ‘ಮಿಂಗ್’ ಎಂದರೆ ಚಿಕ್ಕಮ್ಮ. ಇಂಥ ಜನರ ಹೋಟೆಲಿನಲ್ಲಿ ಉಪಚಾರ ಕೆಟ್ಟದ್ದೆಂಬ ದೂರು ಹುಟ್ಟಿದರೆ ಅದನ್ನು ಸ್ವಲ್ಪ ನಿಂತು ವಿಚಾರಿಸಬೇಕು.

ದೂರು ಸುಳ್ಳಲ್ಲ. ಎರಡು ವರ್ಷಗಳ ಕೆಳಗೆ ಅಲ್ಲಿ ಎಂಜಿನಿಯರಾಗಿರುವ ನನ್ನ ತಂಗಿಯ ಮಗನ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಮೂವರೂ ಅಂಥ ಒಂದು ಚಿಕ್ಕ ಹೋಟೆಲಿಗೆ ಹೋದೆವು. ಕುಳಿತು ಕಾಲು ಗಂಟೆಯಾದರೂ ನೀರು ಬರಲಿಲ್ಲ. ನಮ್ಮ ಅನಂತರ ಬಂದ ನಾಲ್ವರು ಖ್ಮೇರರಿಗೆ ಬಾಗಿಲಲ್ಲೇ ನಗುವಿನ ಸ್ವಾಗತವಾಯಿತು. ಅವರ ಬಟ್ಟಲುಗಳು ನಮ್ಮ ಕಣ್ಣ ಮುಂದೆಯೇ ಹಾದುಹೋದವು. ಕೊನೆಗೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಶಾಲೆಯ ಪುಸ್ತಕವನ್ನು ಗಲ್ಲಾದ ಮೇಲೆ ಕವುಚಿಟ್ಟು ಬಂದು, ಏನು ಬೇಕೆಂದು ನಮ್ಮ ಮುಖ ನೋಡದೆ ಕೇಳಿದಳು. ಒಂದು ಬಟ್ಟಲು ಬಂತು. ಎರಡನೆಯದು ಹತ್ತು ನಿಮಿಷದ ಮೇಲೆ. ಮೂರನೆಯದು ನಾವು ಹೇಳಿದ್ದೇ ಆಗಿರಲಿಲ್ಲ. ಗಲ್ಲಾದಲ್ಲಿದ್ದ ಅಜ್ಜಿ ಒಮ್ಮೆ ನಮ್ಮತ್ತ ನೋಡಿ, ಕಿಟಕಿಯನ್ನು ನೋಡುವಷ್ಟೇ ಆಸಕ್ತಿಯಿಂದ ನೋಡಿ, ಮತ್ತೆ ಚಿಲ್ಲರೆ ಎಣಿಸತೊಡಗಿದರು. ಸಾರು ಮಾತ್ರ ಬಹಳ ಸೊಗಸಾಗಿತ್ತು.

ನನ್ನ ಸೋದರಳಿಯನಿಗೆ ಕೋಪ ಬಂತು. ‘‘ಮಾವ, ಇದಕ್ಕೆ ಒಂದೇ ನಕ್ಷತ್ರ. ಈಗಲೇ ಬರೆದು ಹಾಕುತ್ತೇನೆ’’ ಎಂದು ಕೈಯ ಫೋನನ್ನು ತೆಗೆದ. ಅವನ ಹೆಂಡತಿ ತಡೆದಳು: ‘‘ಬೇಡಿ ಅಂದ್ರೆ. ಪಾಪ, ಅವರು ಎಂಥೆಂಥ ಕಷ್ಟ ಪಟ್ಟು ಬಂದವರೋ!’’ ಒಬ್ಬನದು ನ್ಯಾಯದ ಪಕ್ಷ, ಒಬ್ಬಳದು ದಯೆಯ ಪಕ್ಷ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದಷ್ಟೂ ಎರಡೂ ಸಾಲವೆಂದೇ ನನಗೆ ತೋರಿದೆ.

ಮೊದಲು ನ್ಯಾಯದ ಪಕ್ಷ. ಹಣ ಕೊಟ್ಟವನಿಗೆ ನಗುಮುಖದ ಸೇವೆ ಸಲ್ಲಬೇಕು ಎಂಬುದು ಅದರ ವಾದ. ಅಮೆರಿಕದಲ್ಲಿ ಈ ವಾದಕ್ಕೆ ಲೆಕ್ಕಪತ್ರದ ಆಧಾರವೂ ಉಂಟು. ಅಲ್ಲಿಯ ಒಕ್ಕೂಟ ಸರ್ಕಾರದ ಕಾನೂನಿನಂತೆ ಭಕ್ಷೀಸು ಪಡೆಯುವ ಕೆಲಸಗಾರನಿಗೆ ಯಜಮಾನ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟು. 1991ರಿಂದ ಈ ಅಂಕಿ ಕದಲಿಲ್ಲ. ಮಿಕ್ಕದ್ದನ್ನು ಗಿರಾಕಿ ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20ರಂತೆ ತುಂಬಿಕೊಡುವುದು ರೂಢಿ. ಕ್ಯಾಲಿಫೋರ್ನಿಯಾ ಈ ಕಡಿಮೆ ಕೂಲಿಯನ್ನು ಒಪ್ಪದೆ ಪೂರ್ಣ ಕನಿಷ್ಠ ವೇತನವನ್ನು ವಿಧಿಸಿದೆ; ಆದರೂ ಭಕ್ಷೀಸಿನ ರೂಢಿ ಅಲ್ಲಿಯೂ ಬಲವಾಗಿದೆ. ಹೀಗಾಗಿ ಆ ದೇಶದ ಹೋಟೆಲಿನಲ್ಲಿ ನಗುವೂ ಸಂಬಳದ ಒಂದು ಭಾಗ. ‘ಎಲ್ಲವೂ ಹಿತವಾಗಿದೆಯೆ?’ ಎಂದು ಎರಡೆರಡು ಸಲ ಬಂದು ವಿಚಾರಿಸುವ ಸರ್ವರ್ ತನ್ನ ಮನೆಬಾಡಿಗೆಯನ್ನೂ ವಿಚಾರಿಸಿಕೊಳ್ಳುತ್ತಿರುತ್ತಾನೆ. ಸಂಸಾರದ ಹೋಟೆಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅಜ್ಜಿಗೆ ಸಂಬಳವಿಲ್ಲ, ಮೊಮ್ಮಗಳಿಗೆ ರಜೆಯಿಲ್ಲ. ನಸುಕಿನಲ್ಲಿ ಎದ್ದು ಸಾರು ಕುದಿಸಿದವರೇ ಬಟ್ಟಲನ್ನೂ ತೊಳೆಯುತ್ತಾರೆ. ಆ ಮುಖಗಳಿಂದ ಬಾಡಿಗೆಯ ನಗುವನ್ನು ನಿರೀಕ್ಷಿಸುವುದು ಒಂದು ದೇಶದ ಕೂಲಿಯ ಪದ್ಧತಿಯನ್ನು ಲೋಕದ ಸಭ್ಯತೆಯೆಂದು ಭ್ರಮಿಸಿದಂತೆ. ನಾಂಪೆನ್ನಿನ ಹೋಟೆಲಿನಲ್ಲಿ ಕರೆಯದೆ ಯಾರೂ ಮೇಜಿನ ಬಳಿ ಸುಳಿದಾಡುವುದಿಲ್ಲ. ‘ಕಿತ್ ಲುಯ್’, ಅಂದರೆ ‘ಹಣದ ಲೆಕ್ಕ ಮಾಡಿ’ ಎಂದು ಕೇಳಿದ ಮೇಲೆಯೇ ಬಿಲ್ಲು ಬರುವುದು. ಊಟಕ್ಕೆ ಕುಳಿತವನನ್ನು ಅವಸರಪಡಿಸಬಾರದೆಂಬುದೂ ಒಂದು ಉಪಚಾರವೇ ತಾನೆ?

ಇನ್ನು ದಯೆಯ ಪಕ್ಷ. ಇದರ ಹಿಂದೆ ಇರುವ ಇತಿಹಾಸ ಘೋರವಾದದ್ದು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ನಾಂಪೆನ್ನನ್ನು ಹಿಡಿದು, ಕೆಲವೇ ದಿನಗಳಲ್ಲಿ ಇಡೀ ನಗರವನ್ನು ಬರಿದುಮಾಡಿ ಜನರನ್ನು ಗದ್ದೆಗಳಿಗೆ ಅಟ್ಟಿತು. 1979ರ ಜನವರಿಯಲ್ಲಿ ಆ ಆಡಳಿತ ಬೀಳುವ ಹೊತ್ತಿಗೆ ಹದಿನೈದರಿಂದ ಇಪ್ಪತ್ತು ಲಕ್ಷ ಜನ ಹಸಿವು, ರೋಗ, ದುಡಿತ, ಕೊಲೆಗಳಿಗೆ ಬಲಿಯಾಗಿದ್ದರು. ಆ ಕಾಲದ ಮೂರು ನಿಷೇಧಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಹಣವನ್ನು ರದ್ದುಮಾಡಿ ಸಂತೆ ಅಂಗಡಿಗಳನ್ನು ಮುಚ್ಚಿಸಿದರು. ಮನೆಯಲ್ಲಿ ಒಲೆ ಹಚ್ಚುವುದನ್ನು ನಿಲ್ಲಿಸಿ, ಎಲ್ಲರೂ ಸಾಮೂಹಿಕ ಊಟದ ಚಪ್ಪರದಲ್ಲಿ ನೀರುಗಂಜಿ ಕುಡಿಯಬೇಕೆಂದು ವಿಧಿಸಿದರು. ತಂದೆ ತಾಯಿ ಮಕ್ಕಳನ್ನು ಬೇರೆ ಬೇರೆ ದುಡಿಮೆಯ ತಂಡಗಳಿಗೆ ಹಂಚಿದರು. ವ್ಯಾಪಾರ, ಅಡಿಗೆ, ಸಂಸಾರ: ಈ ಮೂರೂ ಸೇರಿದರೆ ಅಲ್ಲವೆ ಒಂದು ಸಂಸಾರದ ಹೋಟೆಲು? ಬದುಕಿ ಉಳಿದು ಸಮುದ್ರ ದಾಟಿದವರು ಲಾಂಗ್ ಬೀಚಿನಲ್ಲಿ ಅಂಥದೊಂದನ್ನು ತೆರೆದರೆಂದರೆ ತಮ್ಮಿಂದ ಕಿತ್ತುಕೊಂಡ ಮೂರನ್ನೂ ಒಂದೇ ಸೂರಿನಡಿ ಮರಳಿ ಕಟ್ಟಿದರೆಂದೇ ಅರ್ಥ.

ಇದನ್ನು ತಿಳಿದವನ ಮನಸ್ಸು ಮೃದುವಾಗದಿರದು. ಆದರೆ ಮೃದುವಾದ ಮನಸ್ಸು ‘ಪಾಪ’ ಎಂದು ಸುಮ್ಮನಾದರೆ ಅದು ಗೌರವವಾಗುವುದಿಲ್ಲ. ಕಷ್ಟ ಪಟ್ಟವರಿಂದ ಒಳ್ಳೆಯ ನಡತೆಯನ್ನು ನಿರೀಕ್ಷಿಸಬಾರದು ಎನ್ನುವುದು ಅವರನ್ನು ಸರಿಸಮಾನರ ಸಾಲಿನಿಂದ ಎಬ್ಬಿಸಿ ಅನಾಥಾಲಯದ ಸಾಲಿನಲ್ಲಿ ಕೂರಿಸಿದಂತೆ. ತಮ್ಮ ಕುಯ್ ತೀವಿನ ಹದ ಕೆಟ್ಟಿದೆ ಎಂದರೆ ಆ ಅಜ್ಜಿ ಖಂಡಿತ ಸಿಡಿಮಿಡಿಗೊಳ್ಳುವರು. ‘ನಾನು ದುಃಖಿ, ಕ್ಷಮಿಸಿ’ ಎನ್ನಲಾರರು. ಅಡಿಗೆಯಲ್ಲಿ ಅವರು ಬಯಸದ ರಿಯಾಯಿತಿಯನ್ನು ಉಪಚಾರದಲ್ಲಿ ನಾವೇಕೆ ಅವರ ಮೇಲೆ ಹೇರಬೇಕು?

ಇಲ್ಲಿ ಭಾಷೆಯ ಮಾತೊಂದನ್ನು ಹೇಳಲೇಬೇಕು; ಭಾಷೆಯ ಮೇಷ್ಟರಿಗೆ ಅದು ಬಿಡಲಾಗದ ಚಪಲ. ನಮ್ಮಲ್ಲಿ ದನ ಮೇಯುತ್ತದೆ, ಮಗು ಉಣ್ಣುತ್ತದೆ, ಅತಿಥಿಗಳು ಊಟ ಮಾಡುತ್ತಾರೆ, ಸ್ವಾಮಿಗಳು ಭಿಕ್ಷೆ ಸ್ವೀಕರಿಸುತ್ತಾರೆ. ಖ್ಮೇರ್ ಭಾಷೆಯಲ್ಲಿ ಈ ಭೇದಗಳು ಇನ್ನೂ ಕಟ್ಟುನಿಟ್ಟು. ಪ್ರಾಣಿಗೆ ‘ಸಿ’, ಗೆಳೆಯರ ನಡುವೆ ‘ಞಾಂ’, ಗೌರವಕ್ಕೆ ‘ಪಿಸಾ’, ಭಿಕ್ಷುಗಳಿಗೆ ‘ಛಾನ್’, ಅರಸನಿಗೆ ಮತ್ತೊಂದು. ಖ್ಮೇರ್ ರೂಜ್ ಆಡಳಿತ ಈ ಭೇದಗಳನ್ನೆಲ್ಲ ಊಳಿಗದ ಗುರುತೆಂದು ಅಳಿಸಿ, ಹಳ್ಳಿಗರ ‘ಹೋಪ್’ ಎಂಬ ಒಂದೇ ಕ್ರಿಯಾಪದವನ್ನು ಎಲ್ಲರಿಗೂ ವಿಧಿಸಿತು. ಅಣ್ಣ, ಅಕ್ಕ, ಚಿಕ್ಕಮ್ಮ ಎಂಬ ನಂಟಿನ ಮಾತುಗಳ ಸ್ಥಾನದಲ್ಲಿ ‘ಮಿತ್’ ಎಂಬ ಒಂದೇ ಸಂಬೋಧನೆಯನ್ನು ತಂದಿತು. ಅದು ನಮ್ಮ ‘ಮಿತ್ರ’ ಶಬ್ದವೇ. ಎಲ್ಲರೂ ಮಿತ್ರರಾದ ಆ ನಾಡಿನಲ್ಲಿ ಯಾರೂ ಯಾರನ್ನೂ ನಂಬದಂತಾಯಿತು. ಉಪಚಾರವನ್ನೂ ಊಳಿಗವನ್ನೂ ಒಂದೇ ಎಂದು ತಿಳಿದು ಎರಡನ್ನೂ ಕಿತ್ತುಹಾಕಿದರೆ ಸಮಾನತೆ ಉಳಿಯುವುದಿಲ್ಲ, ಬರಿಯ ಒರಟುತನ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನನಗೆ ತಿಳಿಯದು.

ಊಳಿಗ ಬೇರೆ, ಉಪಚಾರ ಬೇರೆ. ಊಳಿಗದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಉಪಚಾರವೆಂದರೆ, ಶಬ್ದದ ಮೂಲವನ್ನು ನೋಡಿದರೆ, ಹತ್ತಿರಕ್ಕೆ ಹೋಗುವುದು. ನಮ್ಮ ಪೂಜಾವಿಧಿಯ ಹದಿನಾರು ಉಪಚಾರಗಳಲ್ಲಿ ನೈವೇದ್ಯದ ಸರದಿ ಬರುವುದು ಬಹಳ ತಡವಾಗಿ. ಅದಕ್ಕೆ ಮುಂಚೆಯೇ ಕರೆಯುವುದು, ಕೂರಿಸುವುದು, ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು. ಬಂದವನನ್ನು ಬಂದವನೆಂದು ಗುರುತಿಸದೆ ಇಟ್ಟ ಅನ್ನ ಎಷ್ಟು ರುಚಿಯಾಗಿದ್ದರೂ ಅಪೂರ್ಣ ಎಂಬ ತಿಳಿವು ಈ ಕ್ರಮದಲ್ಲಿದೆ. ದೇವರ ಮಾತು ಹಾಗಿರಲಿ; ಬಾಗಿಲಿಗೆ ಬಂದ ಮನುಷ್ಯನಿಗೂ ಇದೇ ಕ್ರಮ ಒಪ್ಪುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಆ ಹೋಟೆಲಿನ ನಿಜವಾದ ತಪ್ಪು ತಡವಾದದ್ದರಲ್ಲಿ ಇರಲಿಲ್ಲ; ನಗದಿದ್ದುದರಲ್ಲಿಯೂ ಇರಲಿಲ್ಲ. ಅವರಲ್ಲಿ ಉಪಚಾರ ಧಾರಾಳವಾಗಿತ್ತು. ತಮ್ಮವರೆಂದು ಗುರುತಿಸಿದ ನಾಲ್ವರಿಗೆ ಮಾತ್ರ ಸಲ್ಲಿತು, ಅಷ್ಟೆ. ಸಂಸಾರದ ಹೋಟೆಲಿನ ಸೊಬಗೂ ಕುಂದೂ ಒಂದೇ ಬೇರಿನಿಂದ ಹುಟ್ಟಿದವು. ಮನೆಯವರೆಂಬ ಭಾವವೇ ಸಾರಿಗೆ ರುಚಿ ಕೊಡುತ್ತದೆ. ಅದೇ ಭಾವ ಅಪರಿಚಿತನನ್ನು ಹೊಸ್ತಿಲಾಚೆಯವನನ್ನಾಗಿ ಮಾಡುತ್ತದೆ. ಆದರೆ ಬೀದಿಗೆ ಬಾಗಿಲು ತೆರೆದು ಹಲಗೆ ತೂಗುಹಾಕಿದ ಮೇಲೆ ಮನೆ ಭೋಜನೀಯಸ್ಥಾನವಾಯಿತು. ‘ಬಾಂಗ್’ ಎಂಬ ಮಾತು ಆಗ ಅಪರಿಚಿತನಿಗೂ ಸಲ್ಲಬೇಕು. ಆ ಭಾಷೆಯ ಸಂಪ್ರದಾಯವೇ ಇದಕ್ಕೆ ಸಾಕ್ಷಿ. ನಂಟಿಲ್ಲದವರನ್ನು ನಂಟಿನ ಹೆಸರಿನಿಂದ ಕರೆಯುವುದಕ್ಕೇ ಆ ಮಾತುಗಳಿರುವುದು.

ಹಾಗಾದರೆ ದೂರನ್ನು ಎಲ್ಲಿ ಹೇಳಬೇಕು? ನನ್ನ ಸೋದರಳಿಯನ ನಕ್ಷತ್ರದ ಗತಿಯನ್ನು ಯೋಚಿಸಿ. ಅದು ಇಂಗ್ಲಿಷಿನಲ್ಲಿ ಬರೆದದ್ದು. ಗಲ್ಲಾದ ಅಜ್ಜಿ ಅದನ್ನು ಓದಲಾರರು. ಓದುವವಳು ಆ ಹನ್ನೆರಡು ವರ್ಷದ ಹುಡುಗಿ. ಮನೆಯ ದುಭಾಷಿ ಅವಳೇ, ಮಾಣಿ ಅವಳೇ, ಕಾಗದಪತ್ರ ಓದುವ ಗುಮಾಸ್ತೆಯೂ ಅವಳೇ. ವಲಸೆ ಬಂದ ಮನೆಗಳಲ್ಲಿ ಮಕ್ಕಳ ಪಾಲಿಗೆ ಬರುವ ಈ ಉದ್ಯೋಗಕ್ಕೆ ಯಾವ ಕಾನೂನೂ ಕೂಲಿ ಗೊತ್ತುಮಾಡಿಲ್ಲ. ಹೆಸರಿಲ್ಲದ ಗಿರಾಕಿಯೊಬ್ಬ ತನ್ನ ಮನೆಯವರನ್ನು ‘ಒರಟರು, ಅಸಡ್ಡಾಳರು’ ಎಂದು ಲೋಕಕ್ಕೆಲ್ಲ ಸಾರಿರುವುದನ್ನು ಅವಳು ಮೊದಲು ತಾನು ಓದಬೇಕು, ಆಮೇಲೆ ಅಜ್ಜಿಗೆ ಖ್ಮೇರಿನಲ್ಲಿ ಹೇಳಬೇಕು, ಇಲ್ಲವೆ ಹೇಳದೆ ಒಳಗೇ ಇಟ್ಟುಕೊಳ್ಳಬೇಕು. ಮರುದಿನ ಅವಳು ಮುಂದಿನ ಗಿರಾಕಿಯ ಮುಖ ನೋಡದೆ ಬಟ್ಟಲಿಟ್ಟರೆ ಆಶ್ಚರ್ಯವೇನು?

ದುಡ್ಡು ಕೊಡುವಾಗ ನಾನು ಅಜ್ಜಿಗೆ, ಹುಡುಗಿಯ ಮೂಲಕವೇ, ‘‘ಸಾರು ಬಹಳ ಚೆನ್ನಾಗಿತ್ತಮ್ಮ. ಆದರೆ ನೀರಿಗೇ ಕಾಲು ಗಂಟೆ ಕಾದೆವು; ಒಂದು ಬಟ್ಟಲು ಬೇರೆಯದೇ ಬಂತು’’ ಎಂದು ಹೇಳಿದೆ. ಅಜ್ಜಿ ನನ್ನನ್ನು ಆಗ ನೋಡಿದರು, ಕಿಟಕಿಯನ್ನು ನೋಡಿದಂತಲ್ಲ. ಕ್ಷಮೆ ಕೇಳಲಿಲ್ಲ. ಸೊಸೆಗೆ ಮೈ ಸರಿಯಿಲ್ಲ, ಒಳಗೆ ಮಗನೊಬ್ಬನೇ ಇದ್ದಾನೆ ಎಂದು ಹುಡುಗಿಯ ಬಾಯಿಂದ ಹೇಳಿಸಿ, ಬಂದ ತಪ್ಪು ಬಟ್ಟಲಿನ ಹಣವನ್ನು ಬಿಲ್ಲಿನಿಂದ ಹೊಡೆದುಹಾಕಿದರು. ನಾನು ಅದನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನನ್ನ ಮಾತಿನಲ್ಲಿ ದಯೆ ಇರಲಿಲ್ಲ, ಅವರ ಉತ್ತರದಲ್ಲಿ ದೈನ್ಯ ಇರಲಿಲ್ಲ. ಆ ಹೊತ್ತಿನ ಒಳ್ಳೆಯ ಉಪಚಾರವೆಂದರೆ ಅದೇ.

ಗಿರಾಕಿ ಯಜಮಾನನಲ್ಲ, ಹೋಟೆಲಿನವರು ಆಳುಗಳಲ್ಲ. ಹಾಗೆಂದು ಇಬ್ಬರ ನಡುವೆ ಹಣ ಮತ್ತು ಬಟ್ಟಲಿನ ಬದಲಾವಣೆಯಷ್ಟೇ ಇರುವುದೂ ಅಲ್ಲ. ಬಡಿಸುವವನು ಬಂದವನನ್ನು ಗುರುತಿಸುವ ಒಂದು ನೋಟಕ್ಕೆ ಋಣಿ. ಉಣ್ಣುವವನು ಮೆಚ್ಚಿಕೆಯನ್ನೂ ಕುಂದನ್ನೂ ಎದುರಿಗೇ ಹೇಳುವ ಒಂದು ಮಾತಿಗೆ ಋಣಿ. ನೋಟವನ್ನು ಉಳಿಸಿಕೊಂಡ ಹೋಟೆಲಿನವನೂ, ಮಾತನ್ನು ಉಳಿಸಿಕೊಂಡು ಬೆನ್ನ ಹಿಂದೆ ನಕ್ಷತ್ರ ಎಣಿಸುವ ಗಿರಾಕಿಯೂ ಒಂದೇ ತೂಕದ ಸಾಲಗಾರರು. ‘ಊಟವಾಯಿತೇ?’ ಎಂಬ ಪ್ರಶ್ನೆಯನ್ನು ಕುಶಲಪ್ರಶ್ನೆಯಾಗಿ ಉಳಿಸಿಕೊಂಡಿರುವ ಜನ ಲೋಕದಲ್ಲಿ ಹಲವರಿದ್ದಾರೆ. ಅವರೂ ನಾವೂ ಆ ಸಾಲಿನವರು. ಆ ಪ್ರಶ್ನೆಯನ್ನು ಮನೆಯವರನ್ನು ಕೇಳುವುದು ಸುಲಭ. ಅದು ಕೇವಲ ರೂಢಿಯ ಮಾತಾಗದೆ ಸಂಸ್ಕೃತಿಯ ಮಾತಾಗಬೇಕಾದರೆ, ಬಾಗಿಲಲ್ಲಿ ನಿಂತ ಅಪರಿಚಿತನನ್ನೂ ನಾವು ಅದೇ ಧ್ವನಿಯಲ್ಲಿ ಕೇಳಬೇಕು.