ಘೋಷಣೆಯಲ್ಲಿ ಗಿಡದ ಹೆಸರಿರಲಿ

ಜೂನ್ 5 ಬಂತೆಂದರೆ ನಮ್ಮ ಶಿರಸಿ ಸೀಮೆಯ ಶಾಲೆಗಳಲ್ಲಿ ಜಾಥಾ. ‘ಹಸಿರೇ ಉಸಿರು’, ‘ಕಾಡು ಬೆಳೆಸಿ, ನಾಡು ಉಳಿಸಿ’ ಎಂದು ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಾರೆ. ಮಾಸ್ತರಿಕೆ ಮಾಡಿದಷ್ಟು ಕಾಲವೂ ಆ ಕೂಗು ಕೇಳಿದ್ದೇನೆ. ಮಕ್ಕಳ ಹುರುಪಿನ ಬಗ್ಗೆ ನನಗೆ ಗೌರವವಿದೆ. ತಕರಾರಿರುವುದು ಆ ಮಾತುಗಳ ಮೇಲೆ. ಯಾವ ಗಿಡ, ಯಾರಿಗಾಗಿ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಎಂಬ ಪ್ರಶ್ನೆಯೇ ಅವುಗಳಲ್ಲಿಲ್ಲ. ಹಸಿರಾಗಿದ್ದರೆ ಸಾಕು.

ಇದರ ಫಲ ನಮ್ಮ ಬೆಟ್ಟಗಳಲ್ಲೇ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಅಕೇಶಿಯಾ ನೆಡುತೋಪೂ ಹಸಿರೇ. ಒಳಗೆ ಹೊಕ್ಕು ನೋಡಿ: ಕುಡಗೋಲಿನಂತೆ ಬಾಗಿದ ಒಣ ಎಲೆ ನೆಲದ ತುಂಬ. ಬೇಗ ಕೊಳೆಯದ ಆ ದರಕಿನಡಿ ಹುಲ್ಲು ಏಳುವುದೇ ಕಷ್ಟ, ದನಕ್ಕೆ ಅಲ್ಲಿ ಮೇವಿಲ್ಲ. ಉಪ್ಪಾಗೆ, ಮುರುಗಲು, ನೆಲ್ಲಿ ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಬರಬೇಕು. ಇಂಥದ್ದನ್ನೂ ನಾವು ‘ಕಾಡು’ ಎಂದು ಒಪ್ಪಿಕೊಂಡುಬಿಟ್ಟೆವಲ್ಲ, ಅದರಲ್ಲಿ ಗೋಡೆಬರಹಗಳ ಪಾಲು ಸಣ್ಣದಲ್ಲ.

ಇದೇ ಜಿಲ್ಲೆಯಲ್ಲಿ ಬೇರೆ ಜಾತಿಯ ಘೋಷಣೆಯೂ ಹುಟ್ಟಿದೆ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಸುತ್ತಲಿನ ಜನ ಕಾಡಿಗೆ ಹೋಗಿ, ಕಡಿಯಲು ಬಂದವರೆದುರು ಮರ ಅಪ್ಪಿಕೊಂಡು ನಿಂತರು. ಆ ಅಪ್ಪಿಕೋ ಚಳವಳಿ ಕೊಟ್ಟ ಮಾತು ‘ಉಳಿಸು, ಬೆಳೆಸು, ಬಳಸು’. ನನಗೆ ಮುಖ್ಯವೆನಿಸುವುದು ಆ ಮೂರನೆಯದು. ಸೊಪ್ಪಿನಬೆಟ್ಟವಿಲ್ಲದೆ ಅಡಿಕೆ ತೋಟ ನಡೆಸಲಾಗದ ರೈತ, ದಿನಾ ಸೌದೆ ಹೊರುವ ಹೆಂಗಸು ತಮಗೂ ಅದರಲ್ಲಿ ಜಾಗವಿದೆ ಎಂದುಕೊಂಡರು. ಮರವನ್ನು ಮುಟ್ಟಬೇಡ ಎಂದಷ್ಟೇ ಹೇಳಿದ್ದರೆ ಅವರು ಬರುತ್ತಿದ್ದರೇ?

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಸತ್ಯಾಗ್ರಹದ ಹೆಸರು ಇನ್ನೂ ನೇರ: ‘ಕಿತ್ತಿಕೋ-ಹಚ್ಚಿಕೋ’. ಊರವರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಗಿಡ ಕೀಳುವುದೂ ಪರಿಸರದ ಕೆಲಸವಾದೀತು ಎಂದು ಹಳ್ಳಿಯವರಿಗೆ ಗೊತ್ತಿತ್ತು. ‘ಹಸಿರೇ ಉಸಿರು’ ಎಂಬ ಒಂದೇ ಪಾಠ ಓದಿ ಬೆಳೆದ ಮಗುವಿಗೆ ಇದು ಅರ್ಥವಾಗುವುದಿಲ್ಲ.

ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಜೂನ್ 5ಕ್ಕೆ ಸಿದ್ಧ ಫಲಕ ತರಿಸಬೇಡಿ, ಮಕ್ಕಳಿಂದಲೇ ಬರೆಸಿ. ನೆಡುವ ಗಿಡದ ಹೆಸರು ಅದರಲ್ಲಿರಲಿ. ಮಾರ್ಚ್, ಏಪ್ರಿಲ್‌ನಲ್ಲಿ ಅದಕ್ಕೆ ನೀರು ಹಾಕುವ ತರಗತಿಯ ಹೆಸರೂ ಇರಲಿ.