ಸದ್ದು ಕೇಳ್ತದೆ, ಮಾತು ತಿಳ್ಯಾಕಿಲ್ಲ

ಮೊನ್ನೆ ಅಂತರಸಂತೆಗೆ ಹೋದಾಗ ನಮ್ಮಜ್ಜಿಯ ಹಿಯರಿಂಗ್ ಏಡ್ ಸಾಸಿವೆ ಡಬ್ಬದಲ್ಲಿ ಸಿಕ್ಕಿತು. ನನ್ನ ಅರ್ಧ ತಿಂಗಳ ಸಂಬಳ ಅದು! "ಯಾಕಜ್ಜಿ ಹಾಕ್ಕೊಳಲ್ವಾ?" ಅಂತ ಕಿವಿ ಹತ್ರ ಕೂಗಿದೆ.

"ಸದ್ದು ಕೇಳ್ತದೆ ಕೂಸೆ, ಮಾತು ತಿಳ್ಯಾಕಿಲ್ಲ" ಅಂದಳು.

ಅಜ್ಜಿ ಹೇಳಿದ್ದು ದೂರಲ್ಲ, ವಿಜ್ಞಾನ. ವಯಸ್ಸಾದಂತೆ ಮೊದಲು ಹೋಗುವುದು ಹೆಚ್ಚಿನ ಆವರ್ತನದ ಸದ್ದುಗಳು. ಸ್ವರಗಳು ದಪ್ಪಗೆ ಕೇಳುತ್ತವೆ, ಸ-ಶ-ತ-ಪದಂಥ ವ್ಯಂಜನಗಳು ಜಾರಿಹೋಗುತ್ತವೆ. ಕಾಲು, ಸಾಲು, ಪಾಲು ಎಲ್ಲಾ ಒಂದೇ ಥರ. ಗಲಾಟೆ ಇದ್ದರಂತೂ ಕೇಳಲೇಬೇಡಿ.

ಈ ಮಷೀನು ಕೊಂಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಹೆಡ್‌ಫೋನ್ ಹಾಕಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಬೀಪ್ ಕೇಳಿಸಿದರು, ಗ್ರಾಫ್ ತೆಗೆದರು, "ಅಜ್ಜೀ, ಈಗ ಕೇಳ್ತಿದ್ಯಾ?" ಅಂದರು. ಅಜ್ಜಿ ಹ್ಞೂ ಅಂದಳು. ಬಿಲ್ಲು! ಕನ್ನಡದ ಒಂದೇ ಒಂದು ಪದ ಕೇಳಿಸಿ, ತಿರುಗಿ ಹೇಳಿಸಿ ನೋಡಲಿಲ್ಲ. ನಾನೂ ಕೇಳಲಿಲ್ಲ.

"ಕಿವಿಗೆ ಯಾವ ಭಾಷೆ ಸ್ವಾಮಿ? ಬೀಪ್ ಸಾಕಪ್ಪ" ಅನ್ನುವವರಿದ್ದಾರೆ. ಕಿವಿಗೆ ಭಾಷೆ ಇಲ್ಲ, ಒಪ್ಪಿದೆ. ಆದರೆ ಮಾತು ಅರ್ಥವಾಗುವುದು ಮಿದುಳಲ್ಲಿ, ಅದಕ್ಕೆ ಭಾಷೆ ಇದೆ. ಬೀಪ್ ಎಷ್ಟು ಸಣ್ಣ ಸದ್ದು ಕೇಳುತ್ತದೆ ಅಂತ ಹೇಳುತ್ತದೆ. ಮಾತು ಎಷ್ಟು ಹಿಡಿಯುತ್ತದೆ ಅಂತ ಹೇಳುವುದಿಲ್ಲ. ಇಂಗ್ಲಿಷ್ ಪದ ಕೊಟ್ಟು ಪರೀಕ್ಷೆ ಮಾಡಿದರೆ ಫೇಲಾಗುವುದು ಕಿವಿಯಲ್ಲ, ಇಸ್ಕೂಲು.

ಇದನ್ನು ನಮಗಿಂತ ಮೊದಲೇ ಯೋಚಿಸಿದವರಿದ್ದಾರೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಶಾ ಯತಿರಾಜ್ ಅವರು ವಿಜಯಲಕ್ಷ್ಮಿಯವರ ಜೊತೆ 2005ರಲ್ಲಿ ಕನ್ನಡದ ಪದಪಟ್ಟಿ ಮಾಡಿದರು. 4 ಪಟ್ಟಿ, ಒಂದೊಂದರಲ್ಲಿ 25 ಪದ. ಆಡುಮಾತಿನಲ್ಲಿ ಯಾವ ಧ್ವನಿ ಎಷ್ಟು ಬರುತ್ತದೋ ಅದೇ ಲೆಕ್ಕದಲ್ಲಿ ಪಟ್ಟಿಯಲ್ಲೂ ಬರಬೇಕು. ಇಂಗ್ಲಿಷಿನ ಹಳೆಯ ಪಟ್ಟಿಗಳಲ್ಲಿ ಒಂದೇ ಉಚ್ಚಾರದ ಪದಗಳು. ಕನ್ನಡದಲ್ಲಿ ಅಂಥವು ಎಲ್ಲಿವೆ? ಹಾಗಾಗಿ ಎರಡು ಉಚ್ಚಾರದವು. ಹಲವು ಪಟ್ಟಿ ಯಾಕೆಂದರೆ, ಒಂದನ್ನೇ ಮತ್ತೆ ಮತ್ತೆ ಕೇಳಿಸಿದರೆ ಬಾಯಿಪಾಠ ಆಗುತ್ತದಲ್ಲ.

ಅದೊಂದೇ ಅಲ್ಲ. 1999ರಲ್ಲಿ ಎರಡು ಕಿವಿಗೂ ಒಮ್ಮೆಗೇ ಬೇರೆ ಬೇರೆ ಉಚ್ಚಾರ ಕೇಳಿಸುವ ಪರೀಕ್ಷೆ. 2006ರಲ್ಲಿ, ಕೇಳಿದ್ದನ್ನು ಅದೇ ಕ್ರಮದಲ್ಲಿ ನೆನಪಿಡುವ ಕನ್ನಡದ ಪರೀಕ್ಷೆ. ಕಿವಿ ಸರಿಯಿದ್ದೂ ಕೇಳಿದ್ದನ್ನು ಗ್ರಹಿಸಲಾರದ ಮಕ್ಕಳನ್ನು ಗುರುತಿಸುವ ಸಾಧನಗಳು. 2014ರಲ್ಲಿ ಅದೇ ಸಂಸ್ಥೆಯ ಬೇರೆಯವರು ಕನ್ನಡ ವಾಕ್ಯಗಳ ಪರೀಕ್ಷೆಯನ್ನೂ ತಂದರು. ಒಂದಿಡೀ ವೃತ್ತಿಜೀವನ ಇಂಥ ಕೆಲಸಕ್ಕೆ ಹೋಗಿದೆ. ಕನ್ನಡ ಕನ್ನಡ ಅಂತ ಕುಟ್ಟುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತಿತ್ತು? ನನಗಂತೂ ಇರಲಿಲ್ಲ.

ಬ್ಲಾಗಿಗ ಗೆಳೆಯರೇ, ಅರ್ಕಾವತ್ತು ಒಡೆದು ಕಂಡರೆ ನಾವು ನಾಲ್ಕು ಪೋಸ್ಟ್ ಬರೀತೀವಿ. ಕನ್ನಡದ ಸಾಫ್ಟ್‌ವೇರನ್ನು ಇಂಗ್ಲಿಷ್ ಅಕ್ಷರ ಹಾಕಿ ಟೆಸ್ಟ್ ಮಾಡಿ 'ಪಾಸ್' ಅಂದವನನ್ನು ಬಿಡ್ತೀವಾ? ಅಜ್ಜಿ ಕಿವಿಗೆ ಅದಕ್ಕಿಂತ ಕಡೆಯಾಗಿ ಮಾಡಿದರೆ ಮಾತ್ರ ಕಾರ್ಡ್ ಉಜ್ಜಿ ಬರ್ತೀವಿ. ಕಣ್ಣಿಗೆ ಕಾಣುವ ಕನ್ನಡಕ್ಕೆ ಇಷ್ಟು ಗಲಾಟೆ, ಕಿವಿಗೆ ಬೀಳುವ ಕನ್ನಡಕ್ಕೆ ಯಾರೂ ಇಲ್ಲ.

ಪಟ್ಟಿ ಇದ್ದರೂ ಮುಗಿಯಲಿಲ್ಲ. ನಮ್ಮಜ್ಜಿ 'ಹಾಲು' ಅಂತ ಸರಿಯಾಗಿ ಕೇಳಿಸಿಕೊಂಡು 'ಆಲು' ಅಂತಾಳೆ. ಅದು ಕಿವಿಯ ತಪ್ಪಲ್ಲ, ನಾಲಿಗೆಯ ರೂಢಿ. ಅಂಕ ಹಾಕುವವರಿಗೆ ನಮ್ಮ ಕಡೆಯ ಕನ್ನಡ ಗೊತ್ತಿರಬೇಕು. ಹಾಡಿಯ ಜೇನುಕುರುಬರ ಅಜ್ಜಿಗೆ ಈ ಕನ್ನಡವೂ ಎರಡನೇ ನುಡಿ. ಕೆಲಸ ಇನ್ನೂ ಬೇಕಾದಷ್ಟಿದೆ.

ಪದಪಟ್ಟಿ ಸತ್ತ ನರಕೋಶಕ್ಕೆ ಜೀವ ತುಂಬುವುದಿಲ್ಲ, ನಿಜ. ಆದರೆ ಯಾವ ಕಿವಿಗೆ ಮಷೀನು, ಹಾಕಿದ ಮೇಲೆ ಮಾತು ಎಷ್ಟು ತಿಳಿಯುತ್ತಿದೆ, ಎಷ್ಟು ಆಸೆ ಇಟ್ಟುಕೊಳ್ಳಬಹುದು ಅಂತ ಹೇಳುತ್ತದೆ. ದುಡ್ಡು ಕೊಡುವ ಮುಂಚೆ ಇಷ್ಟಾದರೂ ಗೊತ್ತಾಗಬೇಡವೇ?

ಹಾಗಾಗಿ ನಿಮ್ಮ ಅಪ್ಪ, ಅಮ್ಮ, ಅಜ್ಜ, ಅಜ್ಜಿಗೆ ಮಷೀನು ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಕನ್ನಡ ಪದಗಳಲ್ಲಿ ಪರೀಕ್ಷೆ ಮಾಡ್ತೀರಾ?" ಇಲ್ಲ ಅಂದರೆ ಎದ್ದು ಬನ್ನಿ.

ಅವತ್ತು ಅಜ್ಜಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು ಮೈಸೂರು ದಾಟಿಕೊಂಡೇ. ಮಾನಸಗಂಗೋತ್ರಿ ಅಲ್ಲೇ ಇತ್ತು. ಬರುವ ವಾರ ಸಾಸಿವೆ ಡಬ್ಬದಿಂದ ಮಷೀನು ತೆಗೆದುಕೊಂಡು ಅಲ್ಲಿಗೆ ಹೊರಟಿದ್ದೇವೆ.

ನಿಮ್ಮನೆ ಡಬ್ಬದಲ್ಲಿ ಏನಿದೆ, ಒಮ್ಮೆ ನೋಡಿ :-)